ಲ್ಯಾಬಿನಲ್ಲಿ ಓಡುವ ರೋಬೋ ಸ್ಪರ್ಧೆಯಲ್ಲಿ ಯಾಕೆ ಕೈ ಕೊಡುತ್ತದೆ?

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಪ್ರೌಢಶಾಲೆ. ಮಕ್ಕಳು ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನಲ್ಲಿ ಕಪ್ಪು ಗೆರೆ ಹಿಡಿದು ಓಡುವ ರೋಬೋ ಮಾಡಿದ್ದಾರೆ. ಲ್ಯಾಬಿನಲ್ಲಿ ಚೆನ್ನಾಗಿ ಓಡುತ್ತದೆ. ಸ್ಪರ್ಧೆಗೆ ಹೋದರೆ ಗೆರೆ ಬಿಟ್ಟು ಎಲ್ಲೋ ಹೋಗುತ್ತದೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಸ್ಪರ್ಧೆ ಇದೆ. ಲ್ಯಾಪ್‌ಟಾಪ್ ಮತ್ತು ರೋಬೋ ಎರಡನ್ನೂ ಹೇಗೆ ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಕೈ ಹಾಕುವುದು ಕೋಡಿಗೆ. ಆದರೆ ಗದಗದಲ್ಲಿ ಬಸ್ ಹತ್ತಿ ಹುಬ್ಬಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಕೋಡ್ ಬದಲಾಗಿರುವುದಿಲ್ಲ, ಅಲ್ವಾ? ಬದಲಾಗಿರುವುದು ಬೆಳಕು, ಬ್ಯಾಟರಿಯ ಚಾರ್ಜು, ಸುತ್ತಲಿನ ಜಾಗ. ಇವೆಲ್ಲ ಬದಲಾದರೂ ರೋಬೋ ಓಡಬೇಕು. ತಯಾರಿ ಆ ದಿಕ್ಕಿನಲ್ಲಿ ನಡೆಯಲಿ.

ಮೊದಲು ಬೆಳಕು. ನಿಮ್ಮ ತೊಂದರೆಯ ಮೂಲ ಬಹುಶಃ ಇಲ್ಲೇ ಇದೆ. ಗೆರೆ ನೋಡುವ ಸೆನ್ಸರ್ ಕೆಳಗೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಎಷ್ಟು ವಾಪಸ್ ಬಂತು ಎಂದು ಅಳೆಯುತ್ತದೆ. ಬಿಳಿ ಹಾಳೆ ಜಾಸ್ತಿ ವಾಪಸ್ ಕಳಿಸುತ್ತದೆ, ಕಪ್ಪು ಗೆರೆ ಕಡಿಮೆ. ಲ್ಯಾಬಿನ ಟ್ಯೂಬ್‌ಲೈಟಿನಲ್ಲಿ ಇನ್‌ಫ್ರಾರೆಡ್ ತೀರಾ ಕಡಿಮೆ. ಬಿಸಿಲಿನಲ್ಲಿ ಬೇಕಾದಷ್ಟಿದೆ. ಸಭಾಂಗಣದ ಕಿಟಕಿಯಿಂದ ಟ್ರ್ಯಾಕಿನ ಒಂದು ಮೂಲೆಗೆ ಬಿಸಿಲು ಬಿದ್ದರೆ, ಅಲ್ಲಿ ಕಪ್ಪು ಗೆರೆಯೂ ಸೆನ್ಸರಿಗೆ ಬಿಳಿಯಾಗಿ ಕಾಣುತ್ತದೆ. ಬೇರೆ ಕಡೆ ಸರಿಯಾಗಿ ಓಡಿದ ರೋಬೋ ಅದೇ ತಿರುವಿನಲ್ಲಿ ಪ್ರತಿ ಸಲ ತಪ್ಪಿದರೆ, ತಲೆ ಎತ್ತಿ ಕಿಟಕಿ ನೋಡಿ.

ಮಕ್ಕಳು ಸಾಮಾನ್ಯವಾಗಿ ಕೋಡಿನಲ್ಲಿ ‘500ಕ್ಕಿಂತ ಜಾಸ್ತಿ ಬಂದರೆ ಕಪ್ಪು’ ಎಂದು ಒಂದೇ ಸಂಖ್ಯೆ ಬರೆದಿರುತ್ತಾರೆ. ಊನೊ ಬೋರ್ಡ್ ಸೆನ್ಸರ್ ಕಳಿಸಿದ್ದನ್ನು 0ಯಿಂದ 1023ರವರೆಗಿನ ಸಂಖ್ಯೆಯಾಗಿ ಅಳೆಯುತ್ತದೆ. ಸಾಮಾನ್ಯ ಸೆನ್ಸರುಗಳಲ್ಲಿ ಬೆಳಕು ಕಡಿಮೆ ವಾಪಸ್ ಬಂದಷ್ಟೂ ಸಂಖ್ಯೆ ಜಾಸ್ತಿ. ಲ್ಯಾಬಿನಲ್ಲಿ ಹೊಂದಿದ 500 ಬೇರೆ ಕಡೆ ಹೊಂದಲೇಬೇಕು ಅಂತಿಲ್ಲ. ಆ ಸಂಖ್ಯೆ ತೆಗೆದುಬಿಡಿ. ಸ್ವಿಚ್ ಹಾಕಿದ ಮೇಲೆ ರೋಬೋ ಕೆಲವು ಸೆಕೆಂಡ್ ಗೆರೆಯ ಮೇಲೆ ಎಡಕ್ಕೂ ಬಲಕ್ಕೂ ತಿರುಗಲಿ. ಆಗ ಪ್ರತಿ ಸೆನ್ಸರ್ ಕಂಡ ಅತಿ ಕಡಿಮೆ ಮತ್ತು ಅತಿ ಹೆಚ್ಚು ಸಂಖ್ಯೆಗಳನ್ನು ನೆನಪಿಟ್ಟುಕೊಂಡು, ಎರಡರ ನಡುವಿನದ್ದನ್ನು ಗಡಿ ಮಾಡಿಕೊಳ್ಳಲಿ. ಒಂದು ಸೆನ್ಸರ್ 120ರಿಂದ 780ರವರೆಗೆ ಕಂಡರೆ ಅದರ ಗಡಿ 450. ಪಕ್ಕದ ಸೆನ್ಸರಿನ ಗಡಿ ಬೇರೆ ಇರಬಹುದು, ಇರಲಿ. ನಿಮ್ಮ ಸೆನ್ಸರ್ ಬರೀ ಹೌದು–ಇಲ್ಲ ಹೇಳುವ ಡಿಜಿಟಲ್ ಮಾದರಿಯಾದರೆ ಈ ಉಪಾಯ ನಡೆಯುವುದಿಲ್ಲ. ಅದರ ಮೇಲಿನ ಪುಟ್ಟ ತಿರುಪನ್ನು ಸ್ಪರ್ಧೆಯ ಟ್ರ್ಯಾಕಿನ ಮೇಲೇ ತಿರುಗಿಸಿ ಹೊಂದಿಸಬೇಕು, ಸಣ್ಣ ಸ್ಕ್ರೂಡ್ರೈವರ್ ಜೇಬಿನಲ್ಲಿರಲಿ. ಜೊತೆಗೆ ಸೆನ್ಸರಿನ ಸುತ್ತ ಕಪ್ಪು ರಟ್ಟಿನ ಮರೆ ಕಟ್ಟಿ. ಎತ್ತರವನ್ನೂ ನೋಡಿ. ಇಂಥ ರೋಬೋಗಳಲ್ಲಿ ಸಾಮಾನ್ಯವಾಗಿ ಬಳಸುವ ಟಿಸಿಆರ್‌ಟಿ5000 ಸೆನ್ಸರ್ ನೆಲದಿಂದ 2.5 ಮಿ.ಮೀ. ಆಸುಪಾಸಿನಲ್ಲಿ ಅತಿ ಚೆನ್ನಾಗಿ ನೋಡುತ್ತದೆ. ಒಂದು ಬೆರಳಿನಷ್ಟು ಮೇಲೆ ಕೂರಿಸಿದರೆ ಹೊರಗಿನ ಬೆಳಕಿಗೆ ದಾರಿ ಬಿಟ್ಟ ಹಾಗೆ.

ಬ್ಯಾಟರಿಯ ವಿಷಯ ಇಷ್ಟೇ ಮುಖ್ಯ. ಎರಡು ಲಿಥಿಯಂ ಸೆಲ್ ಸಾಲಾಗಿ ಜೋಡಿಸಿದ್ದರೆ ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ಇರುತ್ತದೆ. ಓಡುತ್ತಾ ಓಡುತ್ತಾ 7.4ಕ್ಕೆ ಇಳಿಯುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯಲ್ಲಿ ಅಭ್ಯಾಸ ಮಾಡಿ, ಸ್ಪರ್ಧೆಯ ಬೆಳಿಗ್ಗೆ ಫುಲ್ ಚಾರ್ಜ್ ಮಾಡಿ ತಂದರೆ ಮೋಟಾರ್ ಜೋರಾಗಿ ತಿರುಗುತ್ತದೆ, ತಿರುವಿನಲ್ಲಿ ರೋಬೋ ಹೊರಗೆ ಹಾರುತ್ತದೆ. ವೇಗ ಹೊಂದಿಸುವಾಗ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ಬರೆದಿಟ್ಟುಕೊಳ್ಳಿ. ಸ್ಪರ್ಧೆಗೂ ಅದೇ ವೋಲ್ಟೇಜಿನಲ್ಲಿ ಇಳಿಯಿರಿ. ಮೋಟಾರ್ ಶುರುವಾದ ಕ್ಷಣವೇ ಬೋರ್ಡ್ ರೀಸೆಟ್ ಆಗುತ್ತಿದ್ದರೆ ಅದೂ ಕೋಡಿನ ತಪ್ಪಲ್ಲದಿರಬಹುದು. ಮೋಟಾರ್ ಒಮ್ಮೆಲೇ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಬೋರ್ಡ್ ಮತ್ತೆ ಮೊದಲಿಂದ ಶುರು ಮಾಡುತ್ತದೆ. ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟು, ಗ್ರೌಂಡ್ (ಮೈನಸ್) ವೈರ್ ಮಾತ್ರ ಎರಡಕ್ಕೂ ಸೇರಿಸಿ.

ಇನ್ನು ಲ್ಯಾಪ್‌ಟಾಪ್. ಒಂದು ಪರೀಕ್ಷೆ ಮಾಡಿ ನೋಡಿ. ವೈಫೈ ಆಫ್ ಮಾಡಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಕೋಡ್ ತೆರೆದು ಬೋರ್ಡಿಗೆ ಹಾಕಿ. ಇಷ್ಟು ಆದರೆ ಅರ್ಧ ಚಿಂತೆ ಹೋಯಿತು. ಆಗದಿದ್ದರೆ ಯಾವುದೋ ಲೈಬ್ರರಿ (ಕೋಡ್ ಬಳಸುವ ಸಿದ್ಧ ಕೋಡ್) ಅಥವಾ ಡ್ರೈವರ್ (ಬೋರ್ಡನ್ನು ಲ್ಯಾಪ್‌ಟಾಪ್ ಗುರುತಿಸಲು ಬೇಕಾದ ಸಾಫ್ಟ್‌ವೇರ್) ಇಲ್ಲ ಎಂದರ್ಥ. ಕಡಿಮೆ ಬೆಲೆಯ ಬೋರ್ಡುಗಳಲ್ಲಿ ಯುಎಸ್‌ಬಿ ಸಂಪರ್ಕಕ್ಕೆ ಸಾಮಾನ್ಯವಾಗಿ ಸಿಎಚ್340 ಎಂಬ ಚಿಪ್ ಇರುತ್ತದೆ, ಅದರ ಡ್ರೈವರ್ ಪೆನ್‌ಡ್ರೈವಿನಲ್ಲಿ ಇರಲಿ. ಶಾಲೆಯ ಲ್ಯಾಪ್‌ಟಾಪ್ ಆದರೆ ಅಡ್ಮಿನ್ ಪಾಸ್‌ವರ್ಡ್ ಗೊತ್ತಿರುವವರು ಜೊತೆಗೇ ಬರಬೇಕು. ವಿಂಡೋಸ್ ಅಪ್‌ಡೇಟನ್ನು ಹಿಂದಿನ ದಿನವೇ ಮುಗಿಸಿ, ಒಂದು ವಾರ ತಡೆಹಿಡಿಯಿರಿ.

ಕೇಬಲ್ ಬಗ್ಗೆ ಒಂದು ಮಾತು. ಕೆಲವು ಯುಎಸ್‌ಬಿ ಕೇಬಲುಗಳಲ್ಲಿ ಚಾರ್ಜ್ ಮಾಡುವ ತಂತಿ ಮಾತ್ರ ಇರುತ್ತದೆ, ಡೇಟಾ ಹೋಗುವುದೇ ಇಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಲ್ಯಾಪ್‌ಟಾಪಿಗೆ ಮಾತ್ರ ಕಾಣುವುದಿಲ್ಲ. ಕೆಲಸ ಮಾಡಿದ ಕೇಬಲಿಗೆ ಬಣ್ಣದ ಟೇಪ್ ಸುತ್ತಿ, ಅಂಥದ್ದೇ ಇನ್ನೊಂದು ಇಟ್ಟುಕೊಳ್ಳಿ.

ಮೊಬೈಲಿನಿಂದ ರೋಬೋ ಓಡಿಸುವ ತಂಡವೂ ನಿಮ್ಮಲ್ಲಿದ್ದರೆ ಎರಡು ಎಚ್ಚರಿಕೆ. ಎಚ್‌ಸಿ–05 ಬ್ಲೂಟೂತ್ ಮಾಡ್ಯೂಲ್‌ಗಳಿಗೆಲ್ಲ ಸಾಮಾನ್ಯವಾಗಿ ಅದೇ ಹೆಸರು, ಅದೇ 1234 ಪಾಸ್‌ವರ್ಡ್. ಹತ್ತು ತಂಡ ಸೇರಿದ ಕಡೆ ಯಾವುದು ನಿಮ್ಮದು ಅಂತ ಹುಡುಕುತ್ತೀರಿ? ಹೆಸರು ಮತ್ತು ಪಾಸ್‌ವರ್ಡ್ ಶಾಲೆಯಲ್ಲೇ ಬದಲಿಸಿ. ಮಾಡ್ಯೂಲನ್ನು 0 ಮತ್ತು 1ನೇ ಪಿನ್ನಿಗೆ ಜೋಡಿಸಿದ್ದರೆ ಕೋಡ್ ಹಾಕುವಾಗ ಬಿಚ್ಚಲೇಬೇಕು. ಯುಎಸ್‌ಬಿ ಬಳಸುವುದೂ ಅದೇ ಎರಡು ಪಿನ್. ಬಿಚ್ಚದಿದ್ದರೆ ಲ್ಯಾಪ್‌ಟಾಪಿನಲ್ಲಿ ಬರುವ ‘ನಾಟ್ ಇನ್ ಸಿಂಕ್’ ಎಂಬ ಕೆಂಪು ಅಕ್ಷರ ನೋಡಿ ಬೋರ್ಡ್ ಸುಟ್ಟಿತು ಎಂದು ಮಕ್ಕಳು ಹೆದರುತ್ತಾರೆ. ಪಾಪ, ಎರಡು ವೈರ್ ಬಿಚ್ಚಿದರೆ ಸಾಕಾಗಿರುತ್ತದೆ.

ಹೊರಡುವ ಮುಂಚೆ ಚೆನ್ನಾಗಿ ಓಡಿದ ಕೋಡನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ ಪೆನ್‌ಡ್ರೈವಿಗೂ ಹಾಕಿ. ಸ್ಪರ್ಧೆಯ ಜಾಗದಲ್ಲಿ ಏನು ಬದಲಿಸಿದರೂ ವಾಪಸ್ ಬರಲು ಅದು ಬೇಕು. ಬಸ್ಸಿನ ಕುಲುಕಾಟಕ್ಕೆ ಜಂಪರ್ ವೈರ್ ಸಡಿಲ ಆಗುತ್ತದೆ, ತುದಿಗಳಿಗೆ ಗ್ಲೂಗನ್ನಿನಿಂದ ಒಂದೊಂದು ಹನಿ ಹಾಕಿ. ಬ್ಯಾಟರಿ ಕಳಚಿ ಬೇರೆ ಡಬ್ಬಿಯಲ್ಲಿಡಿ, ತುದಿಗಳು ಒಂದಕ್ಕೊಂದು ತಾಗದಂತೆ ಟೇಪ್ ಹಚ್ಚಿ. ಬೇಗ ತಲುಪಿ, ಟ್ರ್ಯಾಕ್ ಮೇಲೆ ಅಭ್ಯಾಸಕ್ಕೆ ಸಮಯ ಕೊಡುತ್ತಾರಾ ಎಂದು ಮೊದಲೇ ಕೇಳಿಕೊಳ್ಳಿ. ಕೊಟ್ಟರೆ ಆ ಹೊತ್ತನ್ನು ವೇಗಕ್ಕೆ ಖರ್ಚು ಮಾಡದೆ ಸೆನ್ಸರ್ ಹೊಂದಿಸಲು ಬಳಸಿ.