ಮುಳ್ಳಯ್ಯನಗಿರಿಯ ಎತ್ತರದಲ್ಲಿ ಒಂದು ಊಟ

ಕಳೆದ ವರ್ಷ ಮಗಳು ನನ್ನನ್ನು ಲಂಡನ್‌ಗೆ ಕರೆಸಿಕೊಂಡಳು. ಮಂಡಿನೋವಿನ ಅಮ್ಮ ಹತ್ತು ಗಂಟೆ ಮುದುಡಿ ಕೂರುವುದು ಬೇಡ ಅಂತ ಬಿಸಿನೆಸ್ ಕ್ಲಾಸ್ ಟಿಕೆಟ್ಟನ್ನೇ ಮಾಡಿಸಿದ್ದಳು. ಸೀಟು ಚಾಚಿದರೆ ಹಾಸಿಗೆ. ಊಟಕ್ಕೆ ಬಿಳಿ ಬಟ್ಟೆ ಹಾಸಿ, ಪಿಂಗಾಣಿ ತಟ್ಟೆ ಇಟ್ಟರು. ಮೆನು ಕಾರ್ಡ್ ಮದುವೆ ಕಾಗದದಷ್ಟು ದಪ್ಪ. ನಾನು ಪನೀರ್ ಟಿಕ್ಕಾ, ಕೇಸರಿ ಪುಲಾವ್, ಕೊನೆಗೆ ಬಾದಾಮಿ ಖೀರು ಕೇಳಿದೆ.

ಪನೀರು ಒಣಗಿ ಬಿಗಿಯಾಗಿತ್ತು. ಪುಲಾವ್ ಅಗುಳು ಗಟ್ಟಿ. ಖೀರಿಗೆ ಸಕ್ಕರೆ ಹಾಕುವುದನ್ನೇ ಮರೆತರೇನೋ ಅನ್ನಿಸಿತು. ತಟ್ಟೆಯ ಮೂಲೆಯಲ್ಲಿ ಪುಟ್ಟ ಬಟ್ಟಲಿನಲ್ಲಿ ಟೊಮೆಟೊ ಹಾಕಿದ ಬೇಳೆ ಇತ್ತು. ಮೆನುವಿನಲ್ಲಿ ಅದರ ಹೆಸರು ಕೊನೆಯ ಸಾಲಿನಲ್ಲಿ ಸಣ್ಣಕ್ಷರದಲ್ಲಿತ್ತು. ಅದೊಂದು ಮಾತ್ರ ಬಾಯಿಗೆ ಹಿತವಾಗಿತ್ತು, ಕೇಳಿ ಇನ್ನೊಂದು ಬಟ್ಟಲು ಹಾಕಿಸಿಕೊಂಡೆ. ಚಿಕ್ಕಮಗಳೂರಿನಲ್ಲಿ ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿದವಳು ನಾನು. ಇಷ್ಟು ದುಡ್ಡಿನ ಊಟದಲ್ಲಿ ಬೇಳೆಯೊಂದೇ ಯಾಕೆ ಗೆದ್ದಿತು ಅನ್ನುವ ಪ್ರಶ್ನೆ ಅಲ್ಲಿಂದ ಇಲ್ಲಿಯವರೆಗೂ ಬಿಡಲಿಲ್ಲ.

ಮೊದಲು ಎತ್ತರದ ಲೆಕ್ಕ ನೋಡೋಣ. ವಿಮಾನ ಹಾರುವುದು ಹತ್ತು, ಹನ್ನೆರಡು ಕಿಲೋಮೀಟರ್ ಮೇಲೆ. ಅಲ್ಲಿನ ಗಾಳಿಯಲ್ಲಿ ನಾವು ಬದುಕಲಾರೆವು. ಹಾಗಾಗಿ ಕ್ಯಾಬಿನ್ ಒಳಗೆ ಗಾಳಿ ತುಂಬಿ ಒತ್ತಡ ಕಾಯ್ದುಕೊಳ್ಳುತ್ತಾರೆ. ಆದರೆ ನೆಲಮಟ್ಟದ ಒತ್ತಡವನ್ನಲ್ಲ. ಹಳೆಯ ವಿಮಾನಗಳಲ್ಲಿ ಅದು 8,000 ಅಡಿ, ಅಂದರೆ ಸುಮಾರು 2,400 ಮೀಟರ್ ಎತ್ತರದ ಒತ್ತಡದವರೆಗೆ ಇಳಿಯಬಹುದು. ಬೋಯಿಂಗ್ 787, ಏರ್‌ಬಸ್ ಎ350 ತರಹದ ಹೊಸ ವಿಮಾನಗಳಲ್ಲಿ ಸುಮಾರು 6,000 ಅಡಿ, 1,830 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ವಿಮಾನದಲ್ಲಿ ತಟ್ಟೆ ಮುಂದೆ ಕೂತವರು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಊಟಕ್ಕೆ ಕೂತ ಹಾಗೆ. ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ಟು ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರಕ್ಕೆ ಬರುವಷ್ಟರಲ್ಲಿ ಉಬ್ಬಿಕೊಂಡಿರುತ್ತದೆ ಅಲ್ವಾ? ಹೊರಗಿನ ಒತ್ತಡ ಕಡಿಮೆಯಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ವಿಮಾನದಲ್ಲೂ ಅದೇ ಆಗುತ್ತದೆ. ನಮ್ಮ ಹೊಟ್ಟೆಯೊಳಗೂ ಅದೇ.

ಹಾಗಾದರೆ ಎತ್ತರವೇ ರುಚಿ ಕೆಡಿಸಿತು ಅನ್ನಬಹುದೇ? ಅಲ್ಲೇ ನನಗೆ ತೊಡಕು ಕಂಡಿದ್ದು. ಮುಳ್ಳಯ್ಯನಗಿರಿಗೆ ನಾವು ಎಷ್ಟು ಸಲ ಹೋಗಿಲ್ಲ! ಮಂಜಿನಲ್ಲಿ ಕೂತು ಡಬ್ಬಿ ಬಿಚ್ಚಿದರೆ ಆರಿದ ಕಡುಬೂ ಅಮೃತ. ಫ್ಲಾಸ್ಕಿನ ಕಾಫಿಯ ಘಮ ಹತ್ತು ಹೆಜ್ಜೆ ಆಚೆಗೂ ಬಡಿಯುತ್ತದೆ. ಎತ್ತರ ಒಂದೇ, ಒತ್ತಡ ಒಂದೇ. ಒತ್ತಡಕ್ಕೂ ಒಂದು ಪಾಲು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಟ್ಟದಲ್ಲಿ ಇದ್ದು ವಿಮಾನದಲ್ಲಿ ಇಲ್ಲದ್ದು ಇನ್ನೂ ಎರಡಿವೆ. ಒಂದು ತೇವ, ಇನ್ನೊಂದು ಮೌನ.

ವಿಮಾನದ ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿ ಕೆಳಗೆ ಇರುತ್ತದೆ. ಅಷ್ಟು ತಣ್ಣಗಿನ ಗಾಳಿ ನೀರಿನ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಆ ಒಣ ಗಾಳಿಯನ್ನೇ ಒಳಗೆ ತಂದು ಬೆಚ್ಚಗೆ ಮಾಡಿದಾಗ ಕ್ಯಾಬಿನ್ನಿನ ತೇವಾಂಶ ಶೇ 20ಕ್ಕಿಂತಲೂ ಕೆಳಗೆ ಬೀಳುತ್ತದೆ. ಮಳೆಗಾಲದಲ್ಲಿ ಒಗೆದ ಬಟ್ಟೆ ವಾರ ಕಳೆದರೂ ಒಣಗದ ಊರಿನವರು ನಾವು. ಅಲ್ಲಿ ಕೂತ ಒಂದೇ ಗಂಟೆಯಲ್ಲಿ ನಮ್ಮ ಮೂಗಿನ ಒಳಪದರ ಒಣಗಿ ಬಿಗಿಯುತ್ತದೆ. ವಾಸನೆಯ ಕಣಗಳು ಆ ತೇವದ ಪದರದಲ್ಲಿ ಕರಗಿದರೆ ತಾನೇ ನರಕ್ಕೆ ತಲುಪುವುದು?

ಮೂಗು ಹೋದರೆ ರುಚಿಯಲ್ಲಿ ಏನು ಉಳಿಯುತ್ತದೆ ಅಂತ ಮನೆಯಲ್ಲೇ ನೋಡಬಹುದು. ನಾನು ತರಗತಿಯಲ್ಲಿ ಪ್ರತಿ ವರ್ಷ ಮಾಡಿಸುತ್ತಿದ್ದೆ. ಮೂಗನ್ನು ಬೆರಳಿನಿಂದ ಗಟ್ಟಿಯಾಗಿ ಹಿಡಿದು, ನಾಲ್ಕು ಏಲಕ್ಕಿ ಕಾಳನ್ನು ಚೂರು ಬೆಲ್ಲದ ಜೊತೆ ಅಗಿಯಿರಿ. ಸಿಹಿ ಗೊತ್ತಾಗುತ್ತದೆ, ಸ್ವಲ್ಪ ಚುರುಕು ಗೊತ್ತಾಗುತ್ತದೆ, ಅಷ್ಟೇ. ಏಲಕ್ಕಿ ಎಲ್ಲಿ? ಈಗ ಬೆರಳು ಬಿಡಿ. ಗಂಟಲ ಹಿಂದಿನಿಂದ ಘಮ್ಮಂತ ಏಲಕ್ಕಿ ಎದ್ದು ಬರುತ್ತದೆ. ಮಕ್ಕಳ ಕಣ್ಣು ಅರಳುವುದು ಆ ಕ್ಷಣದಲ್ಲಿ. ಸಿಹಿ, ಹುಳಿ, ಉಪ್ಪು, ಕಹಿ ನಾಲಿಗೆಯವು. ಘಮವೆಲ್ಲ ಮೂಗಿನದು.

ಜರ್ಮನಿಯ ಲುಫ್ತಾನ್ಸಾ ವಿಮಾನ ಸಂಸ್ಥೆ ಇದನ್ನು ಪರೀಕ್ಷೆ ಮಾಡಿಸಲು 2010ರ ಸುಮಾರಿಗೆ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯ ಮೊರೆ ಹೋಯಿತು. ಒಂದು ವಿಮಾನದ ಮುಂಭಾಗವನ್ನೇ ದೊಡ್ಡ ಕೊಳವೆಯೊಳಗೆ ಕೂರಿಸಿ, ಒತ್ತಡ ಇಳಿಸಿ, ಗಾಳಿ ಒಣಗಿಸಿ, ಇಂಜಿನ್ನಿನ ಸದ್ದು ಹಾಕಿ, ಜನರಿಗೆ ಊಟ ಬಡಿಸಿದರು. ಉಪ್ಪಿನ ರುಚಿ ಶೇ 20ರಿಂದ 30ರಷ್ಟು, ಸಿಹಿ ಶೇ 15ರಿಂದ 20ರಷ್ಟು ಕಡಿಮೆ ಗೊತ್ತಾಯಿತು. ಹೆಚ್ಚುಕಡಿಮೆ ನೆಗಡಿಯಾದಾಗ ಉಂಡ ಹಾಗೆ. ಹುಳಿ ಮತ್ತು ಕಹಿ ಅಷ್ಟಾಗಿ ಕುಗ್ಗಲಿಲ್ಲ. ನನ್ನ ಖೀರಿನಲ್ಲಿ ಸಕ್ಕರೆ ಇತ್ತು, ನನ್ನ ನಾಲಿಗೆಗೆ ಅದು ಪೂರ್ತಿ ತಲುಪಲಿಲ್ಲ.

ಇನ್ನು ಸದ್ದು. ಕ್ಯಾಬಿನ್ನಿನಲ್ಲಿ 80ರಿಂದ 85 ಡೆಸಿಬೆಲ್ ಗದ್ದಲ ಗಂಟೆಗಟ್ಟಲೆ ನಿಲ್ಲದೆ ಇರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕಿಂಬರ್ಲಿ ಯಾನ್ ಮತ್ತು ರಾಬಿನ್ ಡ್ಯಾಂಡೊ 2015ರಲ್ಲಿ ಜನರ ಕಿವಿಗೆ ಇದೇ ಸದ್ದು ಕೇಳಿಸಿ ಬೇರೆ ಬೇರೆ ರುಚಿಯ ದ್ರಾವಣ ಕುಡಿಸಿದರು. ಸಿಹಿ ಮಂಕಾಯಿತು. ಆದರೆ ಉಮಾಮಿ ಎಂಬ, ನಾಲಿಗೆಯದೇ ಆದ ಐದನೇ ರುಚಿ ಇನ್ನಷ್ಟು ಎದ್ದು ಕಂಡಿತು! ನಾಲಿಗೆಯ ಮುಂಭಾಗದಿಂದ ರುಚಿ ಹೊತ್ತೊಯ್ಯುವ ಕಾರ್ಡಾ ಟಿಂಪನಿ ಎಂಬ ನರ ಕಿವಿತಮಟೆಗೆ ಅಂಟಿಕೊಂಡಂತೆ ಹಾದುಹೋಗುತ್ತದೆ. ಗದ್ದಲ ಅದನ್ನು ತಟ್ಟಬಹುದು ಅನ್ನುವುದು ಒಂದು ವಿವರಣೆ. ಕಿವಿಗೂ ನಾಲಿಗೆಗೂ ನಂಟು ಇದೆ ಅಂತ ನನ್ನ ಪಠ್ಯಪುಸ್ತಕ ನನಗೆ ಹೇಳಿರಲಿಲ್ಲ. ಇದನ್ನು ಓದಿದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಉಮಾಮಿಯನ್ನು 1908ರಲ್ಲಿ ಗುರುತಿಸಿದ್ದು ಜಪಾನಿನ ರಸಾಯನ ವಿಜ್ಞಾನಿ ಕಿಕುನಾಯೆ ಇಕೆದಾ. ಕಡಲ ಪಾಚಿಯ ಸಾರಿನಲ್ಲಿ ಅವರಿಗೆ ಸಿಕ್ಕಿದ್ದು ಆ ರುಚಿ ಕೊಡುವ ವಸ್ತು, ಗ್ಲುಟಮೇಟ್. ಹಣ್ಣಾದ ಟೊಮೆಟೊ, ಅಣಬೆ, ಹಳೆಯ ಚೀಸ್, ಒಣಮೀನು ಎಲ್ಲದರಲ್ಲೂ ಅದು ಧಾರಾಳ. ಮಳೆಗಾಲದ ಗುಡುಗಿಗೆ ಏಳುವ ಅಣಬೆಯ ಸಾರು ಉಂಡವರಿಗೆ ಆ ರುಚಿ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಲುಫ್ತಾನ್ಸಾದವರಿಗೆ ಮೊದಲು ಅಚ್ಚರಿ ಹುಟ್ಟಿಸಿದ್ದೂ ಟೊಮೆಟೊವೇ. ನೆಲದ ಮೇಲೆ ಅದರ ಜ್ಯೂಸ್ ಮುಟ್ಟದ ಜನ ಮೇಲೆ ಹೋದ ಕೂಡಲೇ ಅದನ್ನೇ ಕೇಳುತ್ತಿದ್ದರು. ವರ್ಷಕ್ಕೆ 17 ಲಕ್ಷ ಲೀಟರ್‌ನಷ್ಟು, ಬಿಯರಿಗೆ ಸಮಸಮ!

ಅಲ್ಲಿಗೆ ಬೇಳೆಯ ಗುಟ್ಟು ಅರ್ಧ ಬಿಟ್ಟಿತು. ಟೊಮೆಟೊದ ಉಮಾಮಿ, ಹುಣಸೆಯ ಹುಳಿ, ಮೆಣಸಿನ ಖಾರ. ಖಾರ ಅನ್ನುವುದು ರುಚಿಯೇ ಅಲ್ಲ, ನೋವು ಮತ್ತು ಬಿಸಿ ತಿಳಿಸುವ ನರದ ಕೆಲಸ. ಅದಕ್ಕೆ ಮೂಗಿನ ಹಂಗು ಬೇಕಿಲ್ಲ. ಸಕಲೇಶಪುರದಿಂದ ಮೂಡಿಗೆರೆವರೆಗೆ ನಾವು ಬೆಳೆಯುವ ಕಾಳುಮೆಣಸು ಆಕಾಶದಲ್ಲೂ ಕಾಳುಮೆಣಸೇ.

ಉಳಿದರ್ಧ ಅಡುಗೆಮನೆಯಲ್ಲಿದೆ. ಬಿಸಿನೆಸ್ ಕ್ಲಾಸಿನ ಊಟವೂ ನೆಲದ ಮೇಲೇ ಬೇಯುತ್ತದೆ. ಬೆಂದ ಕೂಡಲೇ ಅದನ್ನು 5 ಡಿಗ್ರಿಗಿಂತ ಕೆಳಗೆ ತಣಿಸಿ, ಹಲವು ಗಂಟೆ ಕಾದಿಟ್ಟು, ಮೇಲೆ ಹೋದಮೇಲೆ ಓವನ್ನಿನಲ್ಲಿ ಬಿಸಿ ಮಾಡುತ್ತಾರೆ. ತಣಿಸುವ ಶಿಸ್ತು ಸುಮ್ನೆ ಬಂದಿದ್ದಲ್ಲ. 1975ರಲ್ಲಿ ಟೋಕಿಯೊದಿಂದ ಪ್ಯಾರಿಸ್‌ಗೆ ಹೊರಟ ಒಂದು ವಿಮಾನದಲ್ಲಿ ಸುಮಾರು 200 ಜನ ಕಾಯಿಲೆ ಬಿದ್ದರು. ಅಡುಗೆಯವರೊಬ್ಬರ ಬೆರಳಿನ ಹುಣ್ಣಿನಿಂದ ಬ್ಯಾಕ್ಟೀರಿಯಾ ಹ್ಯಾಮ್‌ಗೆ ಸೇರಿತ್ತು. ಅದನ್ನು ತಣ್ಣಗೆ ಇಡದ ಕಾರಣ ವಿಷ ಬೆಳೆದಿತ್ತು. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ತಣಿದ ಅನ್ನದ ಪಿಷ್ಟ ಮತ್ತೆ ಹರಳುಗಟ್ಟಿ ಗಟ್ಟಿಯಾಗುತ್ತದೆ. ಒಣ ಓವನ್ನಿನಲ್ಲಿ ಕಾಯಿಸಿದರೆ ಇನ್ನಷ್ಟು ಒಣಗುತ್ತದೆ. ಕರಿದದ್ದು ಮುಚ್ಚಳದ ಹಬೆಗೆ ಮೆತ್ತಗಾಗುತ್ತದೆ. ಒಳಗಿನ ನೀರು ಬಿಟ್ಟುಕೊಟ್ಟ ಪನೀರು ಮತ್ತೆ ಮೃದುವಾಗುವುದಿಲ್ಲ. ಆದರೆ ಸಾರು, ಹುಳಿ, ಕೂಟು? ನಿನ್ನೆಯ ಹುಳಿ ಇವತ್ತಿಗೆ ಇನ್ನೂ ರುಚಿ ಅಂತ ನಮ್ಮ ಮನೆಗಳಲ್ಲಿ ಹೇಳುವುದೇ ಇದೆ. ಆದ್ದರಿಂದ ಮೆನು ಕೈಗೆ ಬಂದಾಗ ನಾನೀಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದನ್ನು ಮನೆಯಲ್ಲಿ ಮಾರನೇ ದಿನ ಬಿಸಿ ಮಾಡಿ ತಿನ್ನುತ್ತಿದ್ದೆನಾ? ಬಿಸಿಬೇಳೆಬಾತ್ ಇದ್ದರೆ ಕಣ್ಣು ಮುಚ್ಚಿ ಹೇಳಿ. ಇಡ್ಲಿ ಸರಿ. ದೋಸೆ, ಸುಟ್ಟ ಪನೀರು, ಕಟ್ಲೆಟ್ಟು ಬೇಡ.

ದುಬಾರಿ ಟಿಕೆಟ್ಟಿನವರಿಗೆ ನಿಜವಾಗಿ ಸಿಗುವುದು ಆಯ್ಕೆ ಮತ್ತು ಸಮಯ. ಹಲವು ಸಂಸ್ಥೆಗಳಲ್ಲಿ ಬೇಕಾದಾಗ ಊಟ ಕೇಳಬಹುದು. ಸಿಂಗಪುರ ಏರ್‌ಲೈನ್ಸ್‌ನಲ್ಲಿ ಮುಖ್ಯ ಊಟವನ್ನು ಹೊರಡುವ ಮೊದಲೇ ಆರಿಸಿಡಬಹುದು. ವಿಶೇಷ ಊಟವನ್ನು ಸಾಮಾನ್ಯವಾಗಿ 24 ಗಂಟೆ ಮೊದಲು ಹೇಳಬೇಕು. ಏಷ್ಯನ್ ವೆಜಿಟೇರಿಯನ್ ಅಂತ ಬರೆಸಿದರೆ ಹೆಚ್ಚಾಗಿ ಬೇಳೆ, ಪಲ್ಯ, ಮಸಾಲೆ ಇರುವ ನಮ್ಮ ಕಡೆಯ ಊಟ ಬರುತ್ತದೆ. ಇದು ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ಒಂದೇ. ಊಟವೆಂದರೆ ವಿಮಾನಕ್ಕೆ ತೂಕ, ಜಾಗ, ಖರ್ಚು. ಹಾಸನ ಜಿಲ್ಲೆ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದಾಗ ಪುಕ್ಕಟೆ ಊಟವನ್ನೇ ತೆಗೆದುಹಾಕಿ ಟಿಕೆಟ್ಟನ್ನು ಅಗ್ಗ ಮಾಡಿದರು.

ಒಂದು ವಿಷಯದಲ್ಲಿ ನನಗೆ ಕಳವಳ ಇದೆ. ರುಚಿ ಕುಗ್ಗುತ್ತದೆ ಅಂತ ಉಪ್ಪು ಜಾಸ್ತಿ ಹಾಕಿದರೆ, ಅದು ನಾಲಿಗೆಗೆ ಗೊತ್ತಾಗದಿದ್ದರೂ ರಕ್ತಕ್ಕೆ ಸೇರುತ್ತದೆ. ಬಿಪಿ ಇರುವವರು ಕಡಿಮೆ ಉಪ್ಪಿನ ಊಟ ಅಂತ ಮೊದಲೇ ಹೇಳಿಸಿ. ನಿಂಬೆಹೋಳು ಕೇಳಿ ಹಿಂಡಿಕೊಳ್ಳಿ, ಹುಳಿ ಉಪ್ಪಿನ ಜಾಗ ತುಂಬುತ್ತದೆ. ಹೊರಡುವ ಹಿಂದಿನ ರಾತ್ರಿ ಅವರೆಕಾಳು, ಕಡಲೆಕಾಳು ಬೇಡ. 2,400 ಮೀಟರಿನ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು. ಹೊಟ್ಟೆಯ ಗ್ಯಾಸು ಮೂರನೇ ಒಂದು ಭಾಗ ಹಿಗ್ಗುತ್ತದೆ.

ಕಾಫಿಯ ಮಾತು ಹೇಳದಿದ್ದರೆ ಊರಿನವರು ಒಪ್ಪುವುದಿಲ್ಲ. ಬಾಬಾ ಬುಡನ್ ಮೋಖಾದಿಂದ ತಂದ ಏಳು ಬೀಜಗಳ ಕತೆ ಕೇಳುತ್ತಾ ಬೆಳೆದವರಲ್ಲವೇ ನಾವು? ಮುಳ್ಳಯ್ಯನಗಿರಿಯಲ್ಲಿ ನೀರು 93, 94 ಡಿಗ್ರಿಗೇ ಕುದಿಯುತ್ತದೆ, ವಿಮಾನದಲ್ಲೂ ಸುಮಾರು ಅಷ್ಟೇ. ಕಾಫಿ ಇಳಿಸಲು ಆ ಶಾಖ ಸಾಕು. ಚಹಾಕ್ಕೆ ಅದು ಸಾಲದು. ಆದರೂ ಅಲ್ಲಿ ಕಾಫಿ ಕೆಡುವುದು ಘಮ ಹೋಗುವುದರಿಂದ. ಘಮ, ಸಿಹಿ ಎರಡೂ ಕುಗ್ಗಿದ ಮೇಲೆ ಲೋಟದಲ್ಲಿ ಉಳಿಯುವುದು ಕಹಿ.

ವಾಪಸು ಬರುವಾಗ ಬೋಯಿಂಗ್ 787. ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಂಡು ಒಂದು ಚಮಚ ಪಾಯಸ, ತೆಗೆದು ಒಂದು ಚಮಚ. ಹಾಕಿಕೊಂಡಾಗಲೇ ಸಿಹಿ ಜಾಸ್ತಿ ಅನ್ನಿಸಿತು. ಮನಸ್ಸಿನ ಆಸೆಯೂ ಸೇರಿರಬಹುದು, ಒಬ್ಬಳೇ ಮಾಡಿದ್ದು ಪ್ರಯೋಗವಲ್ಲ. ಊಟದ ಜೊತೆ ಕೊಟ್ಟ ನೀರಿನ ಬಾಟಲಿ ಖಾಲಿ ಮಾಡಿ, ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲಕ್ಕೆ ಹಾಕಿದೆ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇಳಿದು ನೋಡಿದರೆ ಬಾಟಲಿಯ ಪಕ್ಕೆ ಒಳಕ್ಕೆ ತಗ್ಗಿತ್ತು. ಮುಚ್ಚಳ ತೆಗೆಯದೆ ಹಾಗೇ ಮನೆಗೆ ತಂದೆ. ಮುಂದಿನ ಭಾನುವಾರ ಮೊಮ್ಮಗನ ಕೈಗೆ ಕೊಟ್ಟು ಮುಳ್ಳಯ್ಯನಗಿರಿ ಹತ್ತಿಸಿದೆವು. ಗದ್ದುಗೆಯ ಮುಂದೆ ಮಂಜಿನಲ್ಲಿ ನಿಂತು ಅವನು ಚೀಲದಿಂದ ಬಾಟಲಿ ತೆಗೆದ. ಪಕ್ಕೆ ಪೂರ್ತಿ ನೆಟ್ಟಗಾಗಿತ್ತು.