ಟಿಬಿ ಮೆನಿಂಜೈಟಿಸ್ ಅಧ್ಯಯನಗಳಿಗೆ ಸಮಾನ ಅಳತೆಗೋಲು

ಮಿದುಳಿನ ಪೊರೆಗೆ ಕ್ಷಯ ತಗುಲಿದಾಗ, ಬೆನ್ನಿನಿಂದ ತೆಗೆದ ನೀರಿನಲ್ಲಿ ರೋಗಾಣುಗಳು ಎಷ್ಟು ವಿರಳವಾಗಿರುತ್ತವೆಯೆಂದರೆ, ಸೂಕ್ಷ್ಮದರ್ಶಕದಲ್ಲಿ ಅವು ಕಾಣಲಿಲ್ಲವೆಂಬ ಕಾರಣಕ್ಕೆ ರೋಗವೇ ಇಲ್ಲವೆನ್ನಲು ಬರುವುದಿಲ್ಲ. ಹಲವು ದಿನಗಳ ಜ್ವರ, ತಲೆನೋವು, ವಾಂತಿ, ಮಂಕು ಕಂಡರೆ ನಾವು ಶಂಕೆಯ ಮೇಲೆಯೇ ಔಷಧ ಆರಂಭಿಸುತ್ತೇವೆ, ಆರಂಭಿಸಲೇಬೇಕು. ಸಂಶೋಧನೆಗೆ ಮಾತ್ರ ಆ ಶಂಕೆ ಸಾಲದು. ಒಂದು ಆಸ್ಪತ್ರೆ, ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ರೋಗಾಣು ಬೆಳೆದವರನ್ನಷ್ಟೇ ಲೆಕ್ಕಕ್ಕೆ ಹಿಡಿದು, ಇನ್ನೊಂದು ಔಷಧ ಪಡೆದವರೆಲ್ಲರನ್ನೂ ಹಿಡಿದರೆ, ಎರಡರ ಸಾವಿನ ಪ್ರಮಾಣವನ್ನು ಹೋಲಿಸುವುದು ವ್ಯರ್ಥ.

ಕೇಪ್‌ಟೌನ್‌ನಲ್ಲಿ 2009ರಲ್ಲಿ ಸೇರಿದ ತಜ್ಞರು ರೂಪಿಸಿ 2010ರಲ್ಲಿ ಪ್ರಕಟಿಸಿದ ಏಕರೂಪದ ವ್ಯಾಖ್ಯೆ ಈ ಗೊಂದಲಕ್ಕೆ ಮೊದಲ ಪರಿಹಾರವಾಯಿತು. ರೋಗಲಕ್ಷಣಕ್ಕೆ 6, ಬೆನ್ನುಹುರಿ ದ್ರವಕ್ಕೆ 4, ಮಿದುಳಿನ ಸ್ಕ್ಯಾನ್‌ಗೆ 6, ದೇಹದ ಬೇರೆಡೆಯ ಕ್ಷಯಕ್ಕೆ 4 ಅದರ ಗರಿಷ್ಠ ಅಂಕಗಳು. ಸ್ಕ್ಯಾನ್ ಇದ್ದಲ್ಲಿ 12, ಇಲ್ಲದಲ್ಲಿ 10 ಅಂಕ ಬಂದರೆ ‘ಸಂಭವನೀಯ’ ಪ್ರಕರಣ. ರೋಗಾಣುವೇ ಸಿಕ್ಕರೆ ‘ಖಚಿತ’. ಇದು ಸಂಶೋಧನೆಯ ವರ್ಗೀಕರಣವೇ ಹೊರತು, ಅಂಕ ಕಡಿಮೆಯೆಂದು ಚಿಕಿತ್ಸೆ ತಡೆಹಿಡಿಯಲು ಮಾಡಿದ್ದಲ್ಲ ಎಂಬುದನ್ನು ಕಿರಿಯ ವೈದ್ಯರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ವಿಯೆಟ್ನಾಂನ ದಲಾತ್‌ನಲ್ಲಿ 2015ರಲ್ಲಿ ನಡೆದ ಟಿಬಿ ಮೆನಿಂಜೈಟಿಸ್ ಸಂಶೋಧಕರ ಸಭೆಯ ನಂತರ ಚರ್ಚೆ ವ್ಯಾಖ್ಯೆಯನ್ನು ದಾಟಿ, ಮಾಹಿತಿ ಮತ್ತು ಮಾದರಿಗಳನ್ನು ಸಂಗ್ರಹಿಸುವ ವಿಧಾನಕ್ಕೆ ಬಂದಿತು. ನನಗೆ ಅತಿ ಮುಖ್ಯವೆನಿಸುವುದು ದ್ರವದ ಪ್ರಮಾಣ. ವಯಸ್ಕರಲ್ಲಿ ಕನಿಷ್ಠ 6 ಮಿ.ಲೀ. ತೆಗೆದು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳದಲ್ಲಿ ಕೂತದ್ದನ್ನು ಪರೀಕ್ಷಿಸಿದಾಗ ರೋಗಾಣು ಸಿಗುವ ಸಾಧ್ಯತೆ ಹೆಚ್ಚುತ್ತದೆ. ಜೀವಕೋಶಗಳ ಎಣಿಕೆಗೂ ಪ್ರೋಟೀನ್‌ಗೂ ಹಂಚಿ ಉಳಿದ ನಾಲ್ಕು ಹನಿಯನ್ನು, ರೋಗಾಣುವಿನ ಡಿಎನ್ಎ ಹುಡುಕುವ ಪರೀಕ್ಷೆಯಾದ ಸಿಬಿನ್ಯಾಟ್‌ಗೆ ಕಳಿಸಿ ಬಂದ ‘ನೆಗೆಟಿವ್’ಗೂ, 6 ಮಿ.ಲೀ.ಯಿಂದ ಬಂದ ‘ನೆಗೆಟಿವ್’ಗೂ ಒಂದೇ ತೂಕವಿಲ್ಲ, ಪ್ರಮಾಣವನ್ನೇ ಬರೆದಿಡದಿದ್ದರೆ ಓದುವವರಿಗೆ ಆ ವ್ಯತ್ಯಾಸ ತಿಳಿಯುವುದೂ ಇಲ್ಲ. ಗ್ಲೂಕೋಸ್‌ನ ಮಾತೂ ಹೀಗೆಯೇ: ಅದೇ ಹೊತ್ತಿನ ರಕ್ತದ ಗ್ಲೂಕೋಸ್ ಜೊತೆಗಿಲ್ಲದಿದ್ದರೆ ದ್ರವದ ಗ್ಲೂಕೋಸ್ ರಕ್ತದ್ದರ ಎಷ್ಟು ಪಾಲು ಎಂಬ ಅನುಪಾತ ಹೇಳಲಾಗದು.

ಫಲಿತಾಂಶವನ್ನು ಹೇಗೆ ಅಳೆಯುತ್ತೇವೆ ಎಂಬುದಕ್ಕೂ ಇಷ್ಟೇ ಮಹತ್ವವಿದೆ. ವಿಯೆಟ್ನಾಂನಲ್ಲಿ 545 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಔಷಧ ಡೆಕ್ಸಾಮೆಥಾಸೋನ್ ಸಾವನ್ನು ತಗ್ಗಿಸಿತು, ಆದರೆ ಬದುಕಿದವರ ತೀವ್ರ ಅಂಗವೈಕಲ್ಯವನ್ನು ತಗ್ಗಿಸಿದ್ದು ಕಾಣಲಿಲ್ಲ. ಸಾವನ್ನಷ್ಟೇ ಎಣಿಸಿದ್ದರೆ ಈ ಎರಡನೆಯ ಸಂಗತಿ ಹೊರಬರುತ್ತಲೇ ಇರಲಿಲ್ಲ. ಆದ್ದರಿಂದ ಡಿಸ್ಚಾರ್ಜ್ ದಿನದ ಸ್ಥಿತಿಗೆ ನಿಲ್ಲದೆ, ತಿಂಗಳುಗಳ ನಂತರವೂ ರೋಗಿ ತಾನೇ ನಡೆಯುತ್ತಾನೆಯೇ, ತಾನೇ ಉಣ್ಣುತ್ತಾನೆಯೇ, ಮೊದಲಿನ ಕೆಲಸಕ್ಕೆ ಮರಳಿದ್ದಾನೆಯೇ ಎಂದು ಎಲ್ಲ ಕೇಂದ್ರಗಳೂ ಒಂದೇ ಅವಧಿಯಲ್ಲಿ, ಒಂದೇ ಮಾಪಕದಲ್ಲಿ ಕೇಳಿ ದಾಖಲಿಸಬೇಕು.