ಐದು ಆಟ, ಇಪ್ಪತ್ತೈದು ಶಾಟ್

ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ. ಅದರ ತಂಡಗಳು ಹೊಸ ಹುಡುಗರನ್ನು ಆಡಿಸಿ ನೋಡುವ ಬೇಸಿಗೆಯ ಟೂರ್ನಿಯೇ ಸಮ್ಮರ್ ಲೀಗ್. 2012ರ ಜುಲೈನಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗ್ ಮುಗಿದಾಗ ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನು ಇಬ್ಬರಿಗೆ ಹಂಚಿದರು. ಒಬ್ಬರು ಪೋರ್ಟ್‌ಲ್ಯಾಂಡ್ ತಂಡದ ಡೇಮಿಯನ್ ಲಿಲ್ಲಾರ್ಡ್, ಇನ್ನೊಬ್ಬರು ಮೆಂಫಿಸ್ ತಂಡದ ಜೋಶ್ ಸೆಲ್ಬಿ. ಆ ದಿನಗಳ ಆಟ ಮಾತ್ರ ನೋಡಿದವರಿಗೆ ಇಬ್ಬರಲ್ಲಿ ಯಾರು ಮೇಲು ಎಂದು ಹೇಳುವುದು ಸುಲಭ ಇರಲಿಲ್ಲ. ಸೆಲ್ಬಿ ಎಸೆದ ತ್ರೀ ಪಾಯಿಂಟರ್‌ಗಳಂತೂ, ಅಂದರೆ ದೂರದ ಗೆರೆಯ ಆಚೆಯಿಂದ ಮೂರು ಅಂಕಕ್ಕೆ ಎಸೆಯುವ ಶಾಟ್‌ಗಳಂತೂ, ಅರ್ಧಕ್ಕಿಂತ ಜಾಸ್ತಿ ಬುಟ್ಟಿಗೆ ಬಿದ್ದಿದ್ದವು. ಎನ್‌ಬಿಎಯಲ್ಲಿ ನೂರಕ್ಕೆ 40 ಬೀಳಿಸುವವರನ್ನೇ ಒಳ್ಳೆಯ ಶೂಟರ್ ಎನ್ನುತ್ತಾರೆ.

ಮುಂದಿನ ಬೇಸಿಗೆಯ ಹೊತ್ತಿಗೆ ಲಿಲ್ಲಾರ್ಡ್ ಎನ್‌ಬಿಎಯ ವರ್ಷದ ಹೊಸ ಆಟಗಾರ. ಸೆಲ್ಬಿ ಎನ್‌ಬಿಎಯಲ್ಲೇ ಇರಲಿಲ್ಲ. ಅವರು ಆ ಲೀಗ್‌ನಲ್ಲಿ ಆಡಿದ್ದು ಒಟ್ಟು 38 ಪಂದ್ಯ.

ಈ ಜೋಡಿ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ನೋಡಿದವರು ಸಾಮಾನ್ಯ ಜನ ಆಗಿರಲಿಲ್ಲ. ಹುಡುಗರನ್ನು ಅಳೆಯುವುದೇ ಕಸುಬಾಗಿರುವ ಸ್ಕೌಟ್‌ಗಳು, ಕೋಚ್‌ಗಳು ಸಾಲಾಗಿ ಕೂತಿರುವ ಜಾಗ ಅದು. ಹಾಗಿದ್ದೂ ಒಬ್ಬ ಹುಡುಗ ದೊಡ್ಡ ತಂಡದಲ್ಲಿ ಉಳಿಯುತ್ತಾನಾ ಇಲ್ಲವಾ ಎಂದು ಹೇಳುವುದು ಇಷ್ಟು ಕಷ್ಟ ಯಾಕೆ?

ಮೊದಲು ಜಾಗ ಎಷ್ಟಿದೆ ನೋಡಿ. 30 ತಂಡ, ತಂಡಕ್ಕೆ 15 ಆಟಗಾರರು, ಒಟ್ಟು 450 ಜಾಗ. ಇದರ ಮೇಲೆ ತಂಡಕ್ಕೆ 3ರಂತೆ ಟೂ-ವೇ ಒಪ್ಪಂದಗಳಿವೆ. ಆ ಒಪ್ಪಂದದ ಹುಡುಗ ಜಿ ಲೀಗ್ ಎಂಬ ಕೆಳಗಿನ ಲೀಗ್‌ಗೂ ದೊಡ್ಡ ತಂಡಕ್ಕೂ ನಡುವೆ ಓಡಾಡಿಕೊಂಡಿರುತ್ತಾನೆ. ದೊಡ್ಡ ತಂಡದ ಜೊತೆ ಅವನಿಗೆ ಹೆಚ್ಚೆಂದರೆ 50 ಪಂದ್ಯ. ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, 60ರ ಆಸುಪಾಸು ಹೆಸರು ಕೂಗುತ್ತಾರೆ, ಆದರೆ ಹೆಸರು ಕೂಗಿದ ಮಾತ್ರಕ್ಕೆ ಜಾಗ ಸಿಕ್ಕಿತು ಅಂತಲ್ಲ. ಭಾರತದಲ್ಲಿ ಹುಟ್ಟಿ ಡ್ರಾಫ್ಟ್ ಆದ ಮೊದಲ ಆಟಗಾರ ಸತ್ನಾಮ್ ಸಿಂಗ್ ಭಾಮರಾ. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಎನ್‌ಬಿಎಯ ಒಂದು ಪಂದ್ಯವೂ ಅವರಿಗೆ ದಕ್ಕಲಿಲ್ಲ. ಸೀಸನ್‌ಗೆ ಮುಂಚಿನ ಶಿಬಿರಕ್ಕೆ ತಂಡವೊಂದು 21 ಜನರನ್ನು ಕರೆಯಬಹುದು. ಶಿಬಿರ ಮುಗಿಯುವಾಗ ಕೊನೆಯ ಒಂದೆರಡು ಜಾಗಕ್ಕೆ ನಾಲ್ಕೈದು ಹುಡುಗರು ಉಳಿದಿರುತ್ತಾರೆ. ಅವರ ನಡುವಿನ ವ್ಯತ್ಯಾಸ ಕೂದಲೆಳೆಯಷ್ಟು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಬ್ಬ ಹುಡುಗ ಸಮ್ಮರ್ ಲೀಗ್‌ನಲ್ಲಿ 5 ಪಂದ್ಯ ಆಡಿದ, ಪಂದ್ಯಕ್ಕೆ 5ರಂತೆ 25 ತ್ರೀ ಪಾಯಿಂಟರ್ ಎಸೆದ ಎಂದುಕೊಳ್ಳಿ. ಅದರಲ್ಲಿ 10 ಬಿದ್ದವು. ನೂರಕ್ಕೆ 40. ನೋಡಿದವರು 'ಶೂಟರ್ ಸಿಕ್ಕ' ಎನ್ನುತ್ತಾರೆ. ಆದರೆ ಅವನ ನಿಜವಾದ ಸಾಮರ್ಥ್ಯ ನೂರಕ್ಕೆ 30 ಮಾತ್ರ ಅಂತಿಟ್ಟುಕೊಳ್ಳಿ. ಅಂಥ ಹುಡುಗ ಬರೀ ಅದೃಷ್ಟದಿಂದ 25ಕ್ಕೆ 10 ಅಥವಾ ಅದಕ್ಕಿಂತ ಜಾಸ್ತಿ ಬೀಳಿಸುವ ಸಾಧ್ಯತೆ ಎಷ್ಟು? ಸುಮಾರು ನೂರಕ್ಕೆ 19. ಅಂದರೆ ಇಂಥ ಐವರು ಹುಡುಗರು ಆಡಿದರೆ ಒಬ್ಬ ಆ ವಾರ ಒಳ್ಳೆಯ ಶೂಟರ್‌ನಂತೆ ಕಾಣುತ್ತಾನೆ. ಇದರ ಇನ್ನೊಂದು ಮಗ್ಗುಲು ಜಾಸ್ತಿ ನೋವಿನದು. ನಿಜವಾಗಿಯೂ ನೂರಕ್ಕೆ 40 ಬೀಳಿಸಬಲ್ಲ ಹುಡುಗ 25ರಲ್ಲಿ 7 ಅಥವಾ ಅದಕ್ಕಿಂತ ಕಡಿಮೆ ಬೀಳಿಸುವ ಸಾಧ್ಯತೆ ನೂರಕ್ಕೆ 15. ಅವನಲ್ಲಿ ಯಾವ ಕೊರತೆಯೂ ಇಲ್ಲ. ಆ ಐದು ದಿನ ಚೆಂಡು ರಿಮ್‌ಗೆ ತಾಗಿ ಆಚೆಗೆ ಬಿತ್ತು, ಅಷ್ಟೇ.

ಜಾಸ್ತಿ ಶಾಟ್ ನೋಡಿದರೆ ಸರಿಹೋಗುತ್ತದೆ, ಅಲ್ವಾ? ಹೋಗುತ್ತದೆ, ಆದರೆ ನಿಧಾನವಾಗಿ. ಅದೃಷ್ಟದ ಏರಿಳಿತ ಅರ್ಧಕ್ಕೆ ಇಳಿಯಬೇಕಾದರೆ ಶಾಟ್‌ಗಳ ಸಂಖ್ಯೆ ನಾಲ್ಕು ಪಟ್ಟು ಆಗಬೇಕು. ಪಂದ್ಯಕ್ಕೆ 5ರಂತೆ 82 ಪಂದ್ಯದ ಪೂರ್ತಿ ಸೀಸನ್ ಆಡಿದರೂ ಆಗುವುದು 410 ಶಾಟ್. ಅಷ್ಟಾದ ಮೇಲೂ ನೂರಕ್ಕೆ 35ರ ಶೂಟರ್ ಒಂದು ವರ್ಷ 33, ಇನ್ನೊಂದು ವರ್ಷ 37 ಎಂದು ಕಾಣುವುದು ತೀರಾ ಸಹಜ. ಅವನ ಕೈಯಲ್ಲಿ ಏನೂ ಬದಲಾಗಿರಬೇಕಿಲ್ಲ. ಪೂರ್ತಿ ಸೀಸನ್ನೇ ಹೀಗಿರುವಾಗ ಒಂದು ವಾರದ್ದು ಯಾವ ಲೆಕ್ಕ!

ಅಂಕಿಅಂಶ ಬಲ್ಲವರು ಇದಕ್ಕೆ ಒಂದು ದಾರಿ ಕಂಡುಕೊಂಡಿದ್ದಾರೆ. ಹೊಸದಾಗಿ ಕಂಡದ್ದನ್ನು ಮೊದಲೇ ಗೊತ್ತಿದ್ದುದರ ಜೊತೆ ಬೆರೆಸುತ್ತಾರೆ. ನಮ್ಮ ಹುಡುಗನಂಥ ಹಿನ್ನೆಲೆ ಇರುವವರು ಸಾಮಾನ್ಯವಾಗಿ ನೂರಕ್ಕೆ 34 ಬೀಳಿಸುತ್ತಾರೆ ಎಂದುಕೊಳ್ಳೋಣ. ಆ ತಿಳಿವಳಿಕೆಗೆ 200 ಶಾಟ್‌ಗಳಷ್ಟು ತೂಕ ಕೊಡೋಣ. ಅಲ್ಲಿಗೆ 200ಕ್ಕೆ 68. ಇದಕ್ಕೆ ಈ ವಾರದ 25ಕ್ಕೆ 10 ಸೇರಿಸಿದರೆ 225ಕ್ಕೆ 78. ನೂರಕ್ಕೆ 34.7. ಅಷ್ಟೊಂದು ಚಪ್ಪಾಳೆ ಗಿಟ್ಟಿಸಿದ ವಾರ ನಮ್ಮ ಅಂದಾಜನ್ನು ಅಲುಗಿಸಿದ್ದು ಒಂದು ಅಂಕೆಗಿಂತಲೂ ಕಡಿಮೆ. ಈ ಲೆಕ್ಕ ಮೊದಲ ಸಲ ಮಾಡಿದಾಗ ನನಗೆ ಬೇಸರವೇ ಆಗಿತ್ತು. ಆಮೇಲೆ ಅದರಲ್ಲಿ ಒಂದು ಕರುಣೆ ಇದೆ ಅನ್ನಿಸಿತು. ಕೆಟ್ಟ ವಾರ ಕಂಡ ಹುಡುಗನ ಅಂದಾಜನ್ನೂ ಅದು ಅಷ್ಟೇ ಸ್ವಲ್ಪ ಇಳಿಸುತ್ತದೆ.

ಹಾಗಾದರೆ ಆ ಒಂದು ವಾರದಲ್ಲಿ ನೋಡಬೇಕಾದ್ದು ಏನು? ಬೇಗ ಸ್ಥಿರವಾಗುವಂಥದ್ದನ್ನು ನೋಡಬೇಕು. ಶಾಟ್ ಬಿತ್ತೋ ಇಲ್ಲವೋ ಎಂಬುದು ಏರಿಳಿಯುತ್ತದೆ. ಹುಡುಗ ಎಷ್ಟು ಸಲ ಎಸೆದ, ಎಂಥ ಜಾಗದಿಂದ ಎಸೆದ, ಹಿಂಜರಿಯದೆ ಎಸೆದನಾ ಎಂಬುದು ಅಷ್ಟು ಏರಿಳಿಯುವುದಿಲ್ಲ, ಯಾಕೆಂದರೆ ಅದು ಅವನ ತೀರ್ಮಾನ. ರಿಬೌಂಡ್, ಅಂದರೆ ತಪ್ಪಿದ ಶಾಟ್‌ನ ಚೆಂಡನ್ನು ಹಿಡಿಯುವ ಗುಣವೂ ಹಾಗೆಯೇ. ಕಾಲೇಜಿನಲ್ಲಿ ಚೆನ್ನಾಗಿ ಹಿಡಿದವನು ಸಾಮಾನ್ಯವಾಗಿ ಮೇಲಿನ ಹಂತದಲ್ಲೂ ಹಿಡಿಯುತ್ತಾನೆ.

ಎಲ್ಲಕ್ಕಿಂತ ಚಂದದ ಸುಳಿವು ಫ್ರೀ ಥ್ರೋ, ಅಂದರೆ ಎದುರಾಳಿ ಫೌಲ್ ಮಾಡಿದಾಗ ಸಿಗುವ ಎಸೆತ. ಎದುರಿಗೆ ಯಾರೂ ಇಲ್ಲ, ದೂರ ಬದಲಾಗುವುದಿಲ್ಲ, ಅವಸರವಿಲ್ಲ. ಕೈ ಮತ್ತು ಬುಟ್ಟಿ ಎರಡೇ. ಹಾಗಾಗಿ ಅದು ಕೈಯ ಹದವನ್ನು ನೇರವಾಗಿ ತೋರಿಸುತ್ತದೆ. ಕಾಲೇಜಿನ ಫ್ರೀ ಥ್ರೋ ನೋಡಿ ಮುಂದಿನ ತ್ರೀ ಪಾಯಿಂಟರ್ ಅಂದಾಜು ಮಾಡುವುದು ಈಗ ಎಲ್ಲ ತಂಡಗಳ ವಿಶ್ಲೇಷಕರಿಗೂ ಗೊತ್ತಿರುವ ಮಾತು. ಕವಾಯ್ ಲೆನರ್ಡ್ ಕಾಲೇಜಿನ ಕೊನೆಯ ವರ್ಷ ತ್ರೀ ಪಾಯಿಂಟರ್‌ಗಳಲ್ಲಿ ನೂರಕ್ಕೆ 29 ಮಾತ್ರ ಬೀಳಿಸಿದ್ದರು. ಫ್ರೀ ಥ್ರೋ ಮಾತ್ರ ನೂರಕ್ಕೆ 76ರಷ್ಟಿತ್ತು. 2011ರ ಡ್ರಾಫ್ಟ್‌ನಲ್ಲಿ 15ನೆಯ ಜಾಗದಲ್ಲಿ ಆಯ್ಕೆಯಾಗಿ ಸ್ಯಾನ್ ಆಂಟೋನಿಯೊ ತಂಡ ಸೇರಿದರು. ಅಲ್ಲಿನ ಶೂಟಿಂಗ್ ಕೋಚ್ ಚಿಪ್ ಎಂಗಲ್ಯಾಂಡ್ ಅವರು ಚೆಂಡು ಬಿಡುವ ರೀತಿಯನ್ನು ತಿದ್ದಿದರು. ಮೊದಲ ಸೀಸನ್‌ನಲ್ಲೇ ತ್ರೀ ಪಾಯಿಂಟರ್ ನೂರಕ್ಕೆ 37 ದಾಟಿತು. ಒಂದೇ ಉದಾಹರಣೆಯಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಹದ ಇರುವ ಕೈಗೆ ತಿದ್ದುವವರು ಸಿಕ್ಕರೆ ಏನಾಗಬಹುದು ಎಂಬುದಂತೂ ಕಾಣುತ್ತದೆ.

ಮೈಯ ಅಳತೆಗೆ ಬರೋಣ. ಡ್ರಾಫ್ಟ್‌ಗೆ ಮುಂಚೆ ಷಿಕಾಗೋದಲ್ಲಿ ಹುಡುಗರ ಎತ್ತರ, ಕೈಚಾಚು, ಅಂಗೈ ಅಗಲ, ನೆಗೆತ, ಓಟ ಎಲ್ಲವನ್ನೂ ಅಳೆಯುತ್ತಾರೆ. ಸಾಮಾನ್ಯವಾಗಿ ನಮ್ಮ ಎರಡು ಕೈ ಚಾಚಿದ ಅಳತೆ ನಮ್ಮ ಎತ್ತರದಷ್ಟೇ ಇರುತ್ತದೆ. ಎನ್‌ಬಿಎ ಆಟಗಾರರಲ್ಲಿ ಅದು ಸರಾಸರಿ ನೂರಕ್ಕೆ 6ರಷ್ಟು ಜಾಸ್ತಿ. 2 ಮೀಟರ್ ಎತ್ತರದವನಿಗೆ 212 ಸೆಂಟಿಮೀಟರ್ ಕೈಚಾಚು. ಎದುರಾಳಿಯ ಶಾಟ್ ತಡೆಯಲು, ಪಾಸ್ ಕಸಿಯಲು ಆ ಹೆಚ್ಚಿನ ಇಂಚುಗಳು ಪ್ರತಿ ನಿಮಿಷ ಕೆಲಸಕ್ಕೆ ಬರುತ್ತವೆ. ಅವು ಕೆಟ್ಟ ವಾರದಲ್ಲಿ ಕುಗ್ಗುವುದೂ ಇಲ್ಲ.

ಆದರೆ ಎಲ್ಲ ಅಳತೆಗೂ ಇಷ್ಟು ಬೆಲೆ ಇಲ್ಲ. 2007ರಲ್ಲಿ ಕೆವಿನ್ ಡ್ಯುರಾಂಟ್ 185 ಪೌಂಡ್, ಅಂದರೆ ಸುಮಾರು 84 ಕಿಲೋ ತೂಕದ ಬಾರ್ ಅನ್ನು ಬೆಂಚ್ ಪ್ರೆಸ್‌ನಲ್ಲಿ ಒಂದು ಸಲವೂ ಎತ್ತಲಾಗಲಿಲ್ಲ. ಅದು ದೊಡ್ಡ ಸುದ್ದಿಯಾಯಿತು. ಅವರು ಮುಂದೆ ಲೀಗ್‌ನ ಶ್ರೇಷ್ಠ ಸ್ಕೋರರ್‌ಗಳಲ್ಲಿ ಒಬ್ಬರಾದರು. ಅಳೆಯಲು ಸುಲಭ ಎಂಬ ಒಂದೇ ಕಾರಣಕ್ಕೆ ಯಾವುದನ್ನೋ ಅಳೆದು ಅದಕ್ಕೆ ಜಾಸ್ತಿ ತೂಕ ಕೊಡುವ ಅಭ್ಯಾಸ ನಮ್ಮೆಲ್ಲರಲ್ಲೂ ಇದೆ.

ಎತ್ತರದ ವಿಚಾರದಲ್ಲಿ ಒಂದು ಬೆರಗಿನ ಸಂಗತಿ ಇದೆ. ಎನ್‌ಬಿಎ ಒಳಗಿರುವ ಆಟಗಾರರನ್ನಷ್ಟೇ ತೆಗೆದುಕೊಂಡು ನೋಡಿದರೆ, ಎತ್ತರ ಇದ್ದವರೇ ಜಾಸ್ತಿ ಅಂಕ ಗಳಿಸುತ್ತಾರೆ ಎಂದೇನೂ ಕಾಣುವುದಿಲ್ಲ. ಹಾಗಂತ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. 160 ಸೆಂಟಿಮೀಟರ್ ಎತ್ತರದ ಮಗ್ಸಿ ಬೋಗ್ಸ್ ಎನ್‌ಬಿಎಯಲ್ಲಿ 14 ಸೀಸನ್ ಆಡಿದರು. ಆದರೆ ಆ ಎತ್ತರದಲ್ಲಿ ಒಳಗೆ ಬರಬೇಕಾದರೆ ವೇಗ, ಪಾಸ್, ಚೆಂಡಿನ ಮೇಲಿನ ಹಿಡಿತ ಎಲ್ಲವೂ ಅಸಾಧಾರಣವಾಗಿರಬೇಕು. ಏಳು ಅಡಿಯವನಿಗೆ ಬಾಗಿಲು ಸ್ವಲ್ಪ ಕಡಿಮೆ ಕೌಶಲಕ್ಕೂ ತೆರೆಯುತ್ತದೆ. ಬಾಗಿಲಲ್ಲಿ ಹೀಗೆ ಜರಡಿ ಹಿಡಿದ ಮೇಲೆ ಒಳಗಿನವರನ್ನು ಮಾತ್ರ ನೋಡಿದರೆ ಎತ್ತರದ ಗುಣ ಮರೆಯಾಗುತ್ತದೆ. ಆಗಲೇ ಆಯ್ಕೆಯಾದವರನ್ನು ನೋಡಿ, ಆಯ್ಕೆಯಾಗಬೇಕಾದವರ ಬಗ್ಗೆ ತೀರ್ಮಾನ ಮಾಡುವಾಗ ಈ ಗುಂಡಿಗೆ ಬೀಳುವುದು ಬಹಳ ಸುಲಭ.

ವಯಸ್ಸಿನದು ನೇರ ಲೆಕ್ಕ. 19ರ ಹುಡುಗ ಮತ್ತು 22ರ ಹುಡುಗ ಒಂದೇ ಅಂಕಿ ತೋರಿಸಿದರೆ 19ರವನ ಮುಂದೆ ಬೆಳೆಯಲು ಇನ್ನೂ ಮೂರು ವರ್ಷ ಇದೆ. ಕೆಲವರಿಗೆ ಮೈಯೇ ತಡವಾಗಿ ಬೆಳೆಯುತ್ತದೆ. ಆಂಥೊನಿ ಡೇವಿಸ್ ಹೈಸ್ಕೂಲಿನ ದಿನಗಳಲ್ಲಿ ಸುಮಾರು 8 ಇಂಚು ಬೆಳೆದರು. ಚೆಂಡನ್ನು ಮುಂದಕ್ಕೆ ನಡೆಸುವ ಗಿಡ್ಡ ಗಾರ್ಡ್ ಆಗಿದ್ದಾಗ ಕಲಿತ ಚೆಂಡಾಟ ಎತ್ತರದ ಮೈಗೂ ಜೊತೆಯಾಗಿ ಬಂತು.

ಇನ್ನು ಕಣ್ಣಿಗೆ ಕಾಣದ ಸಂಗತಿ. 2014ರ ಡ್ರಾಫ್ಟ್‌ನಲ್ಲಿ 41ನೆಯ ಹೆಸರು ಬಂದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಆ ಹೆಸರು ನಿಕೋಲಾ ಯೋಕಿಚ್. ನೆಗೆತ ಇಲ್ಲ, ವೇಗ ಇಲ್ಲ. ಆದರೆ ಸಹ ಆಟಗಾರ ಎಲ್ಲಿಗೆ ಬರುತ್ತಾನೆ ಎಂದು ಬೇರೆಯವರಿಗಿಂತ ಮುಂಚೆ ತಿಳಿಯುವ ತಲೆ ಇತ್ತು. ಮುಂದೆ 2021, 2022, 2024ರಲ್ಲಿ ಅವರು ಲೀಗ್‌ನ ಅತ್ಯುತ್ತಮ ಆಟಗಾರ. ತೀರ್ಮಾನದ ವೇಗವನ್ನು ಅಳೆಯುವ ಗಡಿಯಾರ ಆ ಷಿಕಾಗೋ ಕೋಣೆಯಲ್ಲಿ ಇಲ್ಲ.

ಕೊನೆಯ ಜಾಗಕ್ಕೆ ಪೈಪೋಟಿ ನಡೆಸುವ ಹುಡುಗನಿಗೆ ಇನ್ನೊಂದು ಕಷ್ಟವಿದೆ. ಚಿಕ್ಕಂದಿನಿಂದ ಅವನೇ ತನ್ನ ತಂಡದ ನಾಯಕ, ಚೆಂಡು ಯಾವಾಗಲೂ ಅವನ ಕೈಯಲ್ಲಿ. ದೊಡ್ಡ ತಂಡದಲ್ಲಿ ಆ ಕೆಲಸ ಮಾಡಲು ಈಗಾಗಲೇ ಒಬ್ಬರಿದ್ದಾರೆ. ಖಾಲಿ ಇರುವುದು ಮೂಲೆಯಲ್ಲಿ ನಿಂತು, ಎದುರಾಳಿಯ ಒಳ್ಳೆಯ ಆಟಗಾರನನ್ನು ತಡೆದು, ಬಂದ ಚೆಂಡನ್ನು ತಕ್ಷಣ ಎಸೆಯುವ ಅಥವಾ ಮುಂದಕ್ಕೆ ದಾಟಿಸುವ ಕೆಲಸ. ಅಲೆಕ್ಸ್ ಕರೂಸೊ 2016ರಲ್ಲಿ ಡ್ರಾಫ್ಟ್ ಆಗಲಿಲ್ಲ. 2017ರಲ್ಲಿ ಲೇಕರ್ಸ್ ಅವರಿಗೆ ಟೂ-ವೇ ಒಪ್ಪಂದ ಕೊಟ್ಟಿತು. 2020ರಲ್ಲಿ ಆ ತಂಡದ ಜೊತೆ, 2025ರಲ್ಲಿ ಒಕ್ಲಹೋಮ ಸಿಟಿ ಜೊತೆ ಚಾಂಪಿಯನ್ ಆದರು. 2023ರಲ್ಲಿ ಲೀಗ್‌ನ ಅತ್ಯುತ್ತಮ ಡಿಫೆನ್ಸ್ ತಂಡಕ್ಕೆ ಆಯ್ಕೆಯಾದಾಗ ಅವರ ಸರಾಸರಿ ಪಂದ್ಯಕ್ಕೆ 6 ಅಂಕ ಕೂಡ ಇರಲಿಲ್ಲ. ಅದಕ್ಕೇ ನಾನು ಸಮ್ಮರ್ ಲೀಗ್ ನೋಡುವಾಗ ಚೆಂಡನ್ನು ಬಿಟ್ಟು, ಈಗಷ್ಟೇ ಪಾಸ್ ಕೊಟ್ಟವನನ್ನು ನೋಡುತ್ತೇನೆ. ಅವನು ನಿಂತನಾ, ಹೊಸ ಜಾಗಕ್ಕೆ ಸರಿದನಾ? ಶಾಟ್ ತಪ್ಪಿದ ತಕ್ಷಣ ಹಿಂದಕ್ಕೆ ಓಡಿದನಾ? ಇದು ಒಂದು ಪಂದ್ಯದಲ್ಲೇ ಹತ್ತಾರು ಸಲ ಕಾಣಸಿಗುತ್ತದೆ. ಅದೃಷ್ಟದ ಪಾಲು ಇದರಲ್ಲಿ ಬಹಳ ಕಡಿಮೆ.

ಇಷ್ಟೆಲ್ಲ ಎಚ್ಚರದಿಂದ ಅಳೆದರೂ ಒಂದು ಅನ್ಯಾಯ ಉಳಿಯುತ್ತದೆ. ಬ್ಯಾರಿ ಸ್ಟಾ ಮತ್ತು ಹಾ ಹೊವಾಂಗ್ ಎಂಬ ಇಬ್ಬರು ಸಂಶೋಧಕರು 1980ರಿಂದ 1986ರವರೆಗೆ ಡ್ರಾಫ್ಟ್ ಆದವರ ಲೆಕ್ಕ ತೆಗೆದು 1995ರಲ್ಲಿ ಪ್ರಕಟಿಸಿದರು. ಆಟದ ಗುಣಮಟ್ಟ, ಗಾಯ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದವರಿಗೆ ಕೋರ್ಟ್‌ನಲ್ಲಿ ಜಾಸ್ತಿ ನಿಮಿಷ ಸಿಗುತ್ತಿತ್ತು. ಅವರು ಲೀಗ್‌ನಲ್ಲಿ ಜಾಸ್ತಿ ವರ್ಷ ಉಳಿಯುತ್ತಿದ್ದರು. ತಂಡ ದುಡ್ಡು ಮತ್ತು ಮರ್ಯಾದೆ ಎರಡನ್ನೂ ಹೂಡಿದೆ, ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. 1999ರಲ್ಲಿ ಕಾಲಿನ್ ಕ್ಯಾಮರರ್ ಮತ್ತು ರಾಬರ್ಟೊ ವೆಬರ್ ಇದನ್ನು ಮತ್ತೆ ಪರೀಕ್ಷಿಸಿದಾಗ ಪರಿಣಾಮ ಚಿಕ್ಕದಾಗಿ ಕಂಡಿತು, ಆದರೆ ಇಲ್ಲವಾಗಲಿಲ್ಲ. ಹೆಸರಿಲ್ಲದೆ ಬಂದ ಹುಡುಗನಿಗೆ ಇದರ ಅರ್ಥ ಇಷ್ಟು: ತನ್ನನ್ನು ತೋರಿಸಿಕೊಳ್ಳಲು ನೂರಾರು ಶಾಟ್ ಬೇಕು, ಆ ಶಾಟ್‌ಗಳಿಗೆ ನಿಮಿಷ ಬೇಕು, ನಿಮಿಷ ಮಾತ್ರ ಬೇರೆಯವರಿಗೆ ಹೋಗುತ್ತಿದೆ.

ಜೆರೆಮಿ ಲಿನ್ 2010ರಲ್ಲಿ ಡ್ರಾಫ್ಟ್ ಆಗಲಿಲ್ಲ. 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಎರಡು ತಂಡಗಳು, ಗೋಲ್ಡನ್ ಸ್ಟೇಟ್ ಮತ್ತು ಹ್ಯೂಸ್ಟನ್, ಅವರನ್ನು ಕೈಬಿಟ್ಟವು. ನ್ಯೂಯಾರ್ಕ್ ಕರೆದುಕೊಂಡಿತು, ಬೆಂಚ್‌ನಲ್ಲಿ ಕೂರಿಸಿತು. ತಂಡದಲ್ಲಿ ಗಾಯಗಳು ಜಾಸ್ತಿಯಾಗಿ, ಸೋಲು ಮೇಲೆ ಸೋಲು ಬಂದಾಗ 2012ರ ಫೆಬ್ರವರಿ 4ರಂದು ಕೋಚ್ ಅವರನ್ನು ಆಡಲು ಕಳಿಸಿದರು. ಆ ದಿನ 25 ಅಂಕ. ಆರು ದಿನ ಕಳೆದು ಲೇಕರ್ಸ್ ವಿರುದ್ಧ 38. ಫೆಬ್ರವರಿ 4ರ ಆ ಪಂದ್ಯದ ಹಿಂದಿನ ರಾತ್ರಿ ಲಿನ್ ಮಲಗಿದ್ದು ಸಹ ಆಟಗಾರ ಲ್ಯಾಂಡ್ರಿ ಫೀಲ್ಡ್ಸ್ ಮನೆಯ ಸೋಫಾದ ಮೇಲೆ. ಅವರ ಒಪ್ಪಂದ ಇನ್ನೂ ಖಾತ್ರಿಯಾಗಿರಲಿಲ್ಲ.